ಅವಧಾನವೂ ಆಮಿಷವೂ

ತಿಂಡಿಯ ಆಸೆ ತೋರಿಸಿ ಪಡೆದ ಅವಧಾನವು ಅವಧಾನವೆನಿಸುವುದೆ, ಅಥವಾ ಅದು ಕೇವಲ ಲಂಚಕ್ಕೆ ದೊರೆತ ಸೇವೆಯೆ? ಈ ಪ್ರಶ್ನೆಯನ್ನು ನನ್ನ ಮುಂದಿಟ್ಟುದು ಯಾವ ಶಾಸ್ತ್ರಗ್ರಂಥವೂ ಅಲ್ಲ. ನನ್ನ ಮೊಮ್ಮಗಳು ಮನೆಗೆ ತಂದ ನಾಯಿಮರಿ.

ಅವಳ ಪಾಠಕ್ರಮವನ್ನು ಜಗಲಿಯ ಮೇಲೆ ಕುಳಿತು ನೋಡಿದೆನು. ಮುಷ್ಟಿಯಲ್ಲಿ ರೊಟ್ಟಿಯ ಚೂರನ್ನು ಅಡಗಿಸಿ ಮರಿಯ ಮುಂದೆ ಹಿಡಿಯುವಳು. ಅದು ಮೂಸುವುದು, ನೆಕ್ಕುವುದು, ಪಂಜದಿಂದ ಕೆರೆಯುವುದು. ಇವಳು ಗದರುವುದೂ ಇಲ್ಲ, ಕೈ ಬಿಚ್ಚುವುದೂ ಇಲ್ಲ. ಕಡೆಗೆ ಉಪಾಯಗಾಣದೆ ಅದು ಮುಖವೆತ್ತಿ ಅವಳ ಕಣ್ಣನ್ನು ನೋಡಿದೊಡನೆಯೇ ‘ಭೇಷ್’ ಎಂದು ಚೂರನ್ನು ಕೊಡುವಳು. ಆ ಕ್ಷಣವು ತಪ್ಪಬಾರದು. ತಡವಾಗಿ ಕೊಟ್ಟ ಚೂರು ನಡುವೆ ನಡೆದ ಬೇರಾವುದೋ ಚೇಷ್ಟೆಗೆ ಸಲ್ಲುವುದು. ಎರಡು ಮೂರು ನಿಮಿಷಗಳಷ್ಟೆ. ಬೇಸರ ಹುಟ್ಟುವ ಮೊದಲೇ ಆಟ ಮುಗಿಯುವುದು. ಒಳಮನೆಯಲ್ಲಿ ಕಲಿತುದನ್ನು ಅಂಗಳದಲ್ಲಿಯೂ, ಅನಂತರ ಬೀದಿಯ ಗದ್ದಲದಲ್ಲಿಯೂ ಮಾಡಿಸುವಳು. ಒಂದೇ ಸಮನೆ ಮುಕ್ಕಾಲು ಗಂಟೆ ಶಬ್ದರೂಪಗಳನ್ನು ಹೇಳಿಸುತ್ತಿದ್ದ ನನಗೆ ಇದು ಸ್ವಲ್ಪ ಚುಚ್ಚಿತೆಂದು ಒಪ್ಪಿಕೊಳ್ಳಬೇಕು.

ಅಮೆರಿಕದ ಥಾರ್ನ್‌ಡೈಕ್ ಪಂಡಿತನು 1898ರಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಯೊಳಗಿಟ್ಟು ಪರೀಕ್ಷಿಸಿ, ಸುಖಫಲವನ್ನಿತ್ತ ಕ್ರಿಯೆಯೇ ಪ್ರಾಣಿಯಲ್ಲಿ ನೆಲೆನಿಲ್ಲುವುದೆಂದು ತೋರಿಸಿದನು. ಹಾಗಾದರೆ ನಾಯಿಯು ನೋಡುವುದು ರೊಟ್ಟಿಯನ್ನೇ ಹೊರತು ಹುಡುಗಿಯನ್ನಲ್ಲವೆಂದು ವಾಚಕರು ಆಕ್ಷೇಪಿಸಬಹುದು. ಆದರೆ ಆಟದ ಮರ್ಮವನ್ನು ನೋಡಿರಿ: ರೊಟ್ಟಿಯನ್ನೇ ನೋಡುತ್ತಿರುವವರೆಗೆ ರೊಟ್ಟಿ ದೊರೆಯದು. ಆಸೆಯ ವಸ್ತುವಿನಿಂದ ದೃಷ್ಟಿಯನ್ನು ತಾನಾಗಿಯೇ ತಿರುಗಿಸಬೇಕು. ಇದು ಲಂಚಕ್ಕಿಂತ ನಿಗ್ರಹಕ್ಕೆ ಸಮೀಪವಾದುದು. ಮೇಲಾಗಿ, 2003ರಲ್ಲಿ ಪ್ರಕಟವಾದ ಬುಡಾಪೆಸ್ಟ್ ನಗರದ ವಿದ್ವಾಂಸರ ಪರೀಕ್ಷೆಯೊಂದರಲ್ಲಿ, ಬಿಡಿಸಲಾಗದ ತೊಡಕು ಎದುರಾದಾಗ ನಾಯಿಗಳು ಬೇಗನೆ ಮನುಷ್ಯನ ಮುಖವನ್ನು ನೋಡಿದುವು. ಮನುಷ್ಯರ ಕೈಯಲ್ಲಿಯೇ ಬೆಳೆದ ತೋಳಗಳು ಹಾಗೆ ನೋಡಿದುದು ಕಡಮೆ. ಬೀಜವು ಮೊದಲೇ ಇದ್ದಿತು, ರೊಟ್ಟಿಯು ನೀರೆರೆದುದಷ್ಟೆ.

ನನ್ನ ಶಾಲೆಯಲ್ಲಿ ಬೆತ್ತವಿದ್ದಿತು. ನಾನು ಒಳಹೊಕ್ಕೊಡನೆ ನಲವತ್ತು ಜೊತೆ ಕಣ್ಣುಗಳು ನಿಶ್ಚಲವಾಗುತ್ತಿದ್ದುವು. ಅದನ್ನೇ ಏಕಾಗ್ರತೆಯೆಂದು ತಿಳಿದು ಮೂವತ್ತು ವರ್ಷ ಸಂತೋಷಪಟ್ಟೆನು. ಅವರ ದೃಷ್ಟಿಯು ನನ್ನ ಬಲಗೈಯ ಮೇಲಿದ್ದಿತೆಂಬುದು ಈ ಮರಿಯನ್ನು ನೋಡುವವರೆಗೂ ಹೊಳೆದಿರಲಿಲ್ಲ. ಭಯವೂ ಒಂದು ಆಮಿಷವೇ ಅಲ್ಲವೆ, ತಲೆಕೆಳಗಾದ ಆಮಿಷ? ಲಂಚವೆಂದು ಮೊಮ್ಮಗಳನ್ನು ಆಕ್ಷೇಪಿಸಲು ಹೊರಟವನಿಗೆ ಆ ಅಧಿಕಾರವೇ ಉಳಿಯಲಿಲ್ಲ.

ಮೊನ್ನೆ ಸಂಜೆ ಯಾರೂ ಇಲ್ಲದಾಗ ನಾನೂ ಮರಿಯ ಮುಂದೆ ಮುಷ್ಟಿ ಹಿಡಿದೆನು. ಕೈ ಬರಿದಾಗಿದ್ದಿತು. ಅದು ಮೂಸಿ, ಏನೂ ಇಲ್ಲವೆಂದರಿತು, ಆದರೂ ತಲೆಯೆತ್ತಿ ನನ್ನ ಮುಖವನ್ನು ನೋಡಿತು. ‘ಭೇಷ್’ ಎನ್ನಬೇಕಾಗಿದ್ದಿತು, ಅಭ್ಯಾಸವಿಲ್ಲದ ನಾಲಗೆ, ಒಂದು ಗಳಿಗೆ ತಡವಾಯಿತು.