ಆಲೆಮನೆಯ ಅರ್ತಿಂಗು

ಪಾಂಡವಪುರದ ಸೀಮೆಯಲ್ಲಿ ಕಬ್ಬಿನ ಗದ್ದೆಗಳ ನಡುವೆ, ವಾಸದ ಮನೆಯಿಂದ ನೂರಾರು ಹೆಜ್ಜೆ ದೂರಕ್ಕೆ, ತೆಂಗಿನ ಗರಿಯ ಸೂರನ್ನು ಹೊತ್ತು ನಿಂತಿದ್ದ ಆಲೆಮನೆಯೊಂದನ್ನು ನಾನು ಹೊಕ್ಕಾಗ, ಕೊಪ್ಪರಿಗೆಯ ಹಬೆಗಿಂತಲೂ ಮಿಗಿಲಾಗಿ ನನ್ನ ಕಣ್ಣನ್ನು ಸೆಳೆದುದು ಗೋಡೆಯ ಆಚೆಗಿದ್ದ ಅರ್ತಿಂಗಿನ ಒಂದು ಸಣ್ಣ ಗುಂಡಿ. ಆಳುದ್ದ ಹೂಳಿದ ಕಬ್ಬಿಣದ ಕೊಳವೆ, ಅದರ ಸುತ್ತ ಇದ್ದಿಲು, ಉಪ್ಪು. ಬೇಸಗೆಯಲ್ಲಿ ಒಡೆಯನು ದಿನವೂ ಅದಕ್ಕೆ ಎರಡು ಕೊಡ ನೀರೆರೆಯುವನಂತೆ. “ಕರೆಂಟೇನಾರ ತಪ್ಪಿ ಗಾಣುಕ್ ಬಂದ್ರೆ ಭೂಮ್ತಾಯಿ ನುಂಗ್ಕತಾಳೆ, ಸ್ವಾಮಿ” ಎಂದನು.

ಭೂಮಿಗೆ ಸರ್ವಂಸಹೆ, ಕ್ಷಮೆ ಎಂಬ ನಾಮಗಳುಂಟು, ಸರಿ. ಆದರೆ ಕ್ಷಮಿಸುವುದೆಂದರೆ ನುಂಗುವುದೆ?

ವಿದ್ಯುತ್ತು ಮಣ್ಣಿನಲ್ಲಿ ಇಂಗಿಹೋಗುವ ವಸ್ತುವಲ್ಲ. ತಾನು ಹೊರಟ ಟ್ರಾನ್ಸ್‌ಫಾರ್ಮರಿಗೆ ಮರಳಬೇಕೆಂಬುದೊಂದೇ ಅದರ ಹಟ. ಅಲ್ಲಿಯೂ ನೆಲಕ್ಕೆ ತಂತಿಯನ್ನು ಇಳಿಸಿರುವುದರಿಂದ ಮಣ್ಣು ಅದಕ್ಕೊಂದು ದಾರಿಯಹುದು, ಆದರೆ ದುರ್ಗಮವಾದ ದಾರಿ: ಕಾಲುವೆಯ ನೀರುಂಡ ಶ್ರೀರಂಗಪಟ್ಟಣದ ಗದ್ದೆಯಲ್ಲಿ ತಡೆ ಕಡಮೆ, ನಾಗಮಂಗಲದ ಒಣಗಿದ ಕಲ್ಲುನೆಲದಲ್ಲಿ ಬಹಳ. ಆ ತಡೆ ಒಟ್ಟು ೨೦ ಓಮ್ ಎಂದು ಹಿಡಿದರೆ, ೨೩೦ ವೋಲ್ಟಿಗೆ ಹರಿಯುವುದು ಹನ್ನೊಂದೂವರೆ ಆಂಪಿಯರು. ೧೬ ಆಂಪಿಯರಿನ ಫ್ಯೂಸು ಅದನ್ನು ಲೆಕ್ಕಕ್ಕೇ ಹಿಡಿಯದು. ಫ್ಯೂಸು ಹೋಗದಿದ್ದರೆ ಗಾಣದ ಮೈಯಲ್ಲಿ ಮೃತ್ಯು ನಿಂತೇ ಇರುವುದು. ಕಬ್ಬಿನ ಹಾಲು ಚೆಲ್ಲಿದ ನೆಲದ ಮೇಲೆ ಬರಿಗಾಲಿನ ಆಳು ಬಂದು ಅದರ ಮೇಲೆ ಕೈಯಿಡುವನು. (ಉಪ್ಪನ್ನು ಧಾರಾಳವಾಗಿ ಸುರಿದರಾಯಿತೆನ್ನುವವರೂ ಉಂಟು; ಆ ಉಪ್ಪು ಕೊಳವೆಯನ್ನೂ ತಿನ್ನುವುದೆಂಬುದನ್ನು ಅವರು ಮರೆಯುವರು.)

ಆಲೆಮನೆಯಿಂದ ಹೊರಬಂದು ದೂರದ ಮೇಲುಕೋಟೆಯ ಬೆಟ್ಟವನ್ನು ನೋಡುತ್ತ ನಿಂತಾಗ, ರಾಮಾನುಜರ ಪರಂಪರೆಯವರು ಶರಣಾಗತಿಯ ವಿಷಯದಲ್ಲಿ ಆಡುವ ‘ಪುರುಷಕಾರ’ವೆಂಬ ಮಾತು ನೆನಪಾಯಿತು. ಅಪರಾಧಿಯಾದ ಜೀವನಿಗೂ ದಂಡಧರನಾದ ಈಶ್ವರನಿಗೂ ನಡುವೆ ನಿಂತು ಶಿಫಾರಸು ಮಾಡುವವಳು ತಾಯಿಯಾದ ಲಕ್ಷ್ಮಿ. ಪಿಳ್ಳೈ ಲೋಕಾಚಾರ್ಯರು ಶ್ರೀವಚನಭೂಷಣದಲ್ಲಿ ಇದಕ್ಕೆ ನಿದರ್ಶನವಾಗಿ ತೋರಿಸುವುದು ಸೀತೆಯನ್ನು, ಎಂದರೆ ಭೂಮಿಯ ಮಗಳನ್ನೇ. ಅವಳು ಅಪರಾಧವನ್ನು ನುಂಗಿ ಇಲ್ಲವೆನಿಸುವುದಿಲ್ಲ, ಮುಟ್ಟಬೇಕಾದಲ್ಲಿಗೆ ಮುಟ್ಟಿಸುವಳು, ರಕ್ಷಿಸುವವನು ಬೇರೆ. ನುಂಗುವ ತಾಯಿಯನ್ನು ನಂಬಿದವನಿಗೆ ತನ್ನ ತಪ್ಪನ್ನು ಹುಡುಕುವ ಗೋಜೇ ಇಲ್ಲ. ಶರಣಾಗತಿಯು ಸೋಮಾರಿತನವಾಗಿ ಇಳಿಯುವುದು ಅಲ್ಲಿಯೇ ಎಂದು ನನಗೆ ತೋರುತ್ತದೆ.

ಆಲೆಮನೆಯಲ್ಲಿ ಆ ರಕ್ಷಕನ ಸ್ಥಾನ ಇ.ಎಲ್.ಸಿ.ಬಿ. ಎಂಬ ಪೆಟ್ಟಿಗೆಯದು. ಹೋದ ಕರೆಂಟೆಷ್ಟು, ಬಂದುದೆಷ್ಟು ಎಂದು ಅದು ಸದಾ ತೂಗಿ ನೋಡುತ್ತಿರುವುದು. ಆಂಪಿಯರಿನ ಸಾವಿರದಲ್ಲಿ ಮೂವತ್ತು ಪಾಲಿನಷ್ಟು ಮಣ್ಣಿನ ಹಾದಿ ಹಿಡಿದರೂ ಸಾಕು, ಕಣ್ಣುರೆಪ್ಪೆ ಬಡಿಯುವಷ್ಟರಲ್ಲಿ ಸಂಬಂಧವನ್ನು ಕಡಿಯುವುದು. ಮಣ್ಣು ಹೊರಬೇಕಾದುದು ಆ ಅಲ್ಪಾಂಶವನ್ನು ಮಾತ್ರ; ಅಷ್ಟನ್ನು ನಾಗಮಂಗಲದ ಕಲ್ಲುನೆಲವೂ ಹೊರಬಲ್ಲುದು.

ಒಡೆಯನಿಗೆ ಇದನ್ನು ಹೇಳಿದೆ. ಗುಂಡಿಗೆ ನೀರೆರೆಯುವುದನ್ನು ಬಿಡಬೇಡವೆಂದೂ ಹೇಳಿದೆ. ಆ ಪೆಟ್ಟಿಗೆಯ ಮೇಲೆಯೂ ಒತ್ತುವ ಗುಂಡಿಯೊಂದಿರುತ್ತದೆ. ಮನೆಯಲ್ಲಿ ಅದನ್ನು ಇಟ್ಟುಕೊಂಡವರು ತಿಂಗಳಿಗೊಮ್ಮೆ ಒತ್ತಿ ನೋಡಿರಿ.