ತಾಳ್ಮೆ ಇರಬೇಕಾದ ಜಾಗ

ಎರಡು ವರ್ಷ ತುಂಬಿದರೂ ಮಗು ಮಾತಾಡುತ್ತಿಲ್ಲ ಎಂದು ತಾಯಿ ಒಮ್ಮೆ ಬಾಯಿಬಿಟ್ಟು ಹೇಳಿದರೆ ಸಾಕು, ಸುತ್ತಲಿನವರೆಲ್ಲ ಸೇರಿ ಅವಳಿಗೆ ಸಮಾಧಾನ ಹೇಳುತ್ತಾರೆ. ‘ಇವರಪ್ಪನೂ ಮೂರು ವರ್ಷಕ್ಕೇ ಬಾಯಿಬಿಟ್ಟಿದ್ದು.’ ‘ಗಂಡುಮಕ್ಕಳು ನಿಧಾನ ಕಣಮ್ಮ.’ ‘ಬಜೆ ತೇಯ್ದು ನಾಲಿಗೆಗೆ ಹಚ್ಚು.’ ಬೆಂಗಳೂರಿನ ಅತ್ತಿಗುಪ್ಪೆಯಂಥ ಒತ್ತೊತ್ತು ಮನೆಗಳ ಬಡಾವಣೆಯಲ್ಲಿ ಕೆಳಗಿನ ಮನೆಯವರಿಗೆ, ಎದುರುಮನೆ ಅಜ್ಜಿಗೆ, ತರಕಾರಿ ಗಾಡಿಯ ಬಳಿ ಸಿಕ್ಕವರಿಗೆ, ಎಲ್ಲರಿಗೂ ಇಂಥದೊಂದು ಉದಾಹರಣೆ ಗೊತ್ತಿರುತ್ತದೆ. ಯಾರ ಮಾತಿನಲ್ಲೂ ಕೆಡುಕಿಲ್ಲ. ಅವಳು ಅಳಬಾರದು ಅಂತಲೇ ಹೇಳುವುದು. ಆದರೆ ಹಾಗೆ ಕಾಯುವಾಗ ಕಳೆದುಹೋಗುವ ತಿಂಗಳುಗಳು ಮಗುವಿನವು. ಇದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಮಾತು ತಡವಾದರೆ ಮೊದಲು ನೋಡಬೇಕಾದದ್ದು ಕಿವಿ. ಆದರೆ ಕಿವಿಯ ಪರೀಕ್ಷೆಯೂ ಮನೆಯಲ್ಲೇ ಮುಗಿದಿರುತ್ತದೆ. ಸ್ಟೀಲ್ ತಟ್ಟೆ ಬಡಿದರು, ಮಗು ತಿರುಗಿತು, ಕಿವಿ ಚೆನ್ನಾಗಿದೆ. ಅತ್ತಿಗುಪ್ಪೆಯಲ್ಲಿ ಮೆಟ್ರೊ ಹಳಿ ಮಹಡಿ ಮನೆಗಳ ಎತ್ತರದಲ್ಲೇ ಹಾದುಹೋಗುತ್ತದೆ. ರೈಲು ಬಂದಾಗ ಮಗು ಕಿಟಕಿಗೆ ಓಡಿದರೆ ಅದೂ ಒಂದು ಪುರಾವೆ. ಪೂರ್ತಿ ಕೇಳಿಸದ ಮಗುವೂ ನೆಲದ ಅದುರನ್ನು ತಿಳಿಯುತ್ತದೆ, ಕಣ್ಣಂಚಿನಲ್ಲಿ ಆಡಿದ ಕೈಗೆ ತಿರುಗುತ್ತದೆ. ಅರ್ಧ ಕೇಳುವ ಮಗುವಿನ ಸಂಗತಿ ಇನ್ನೂ ಕಷ್ಟ. ಅ, ಆ, ಒ ಮೊದಲಾದ ಸ್ವರಗಳು ಗಟ್ಟಿಯಾಗಿ ತಲುಪುತ್ತವೆ. ಸ, ಶ, ತ, ಕ ಹಗುರವಾದ ಸದ್ದುಗಳು, ತಲುಪುವುದಿಲ್ಲ. ಕೂಗಿದರೆ ತಿರುಗುತ್ತದೆ, ಹೇಳಿದ್ದು ಮಾತ್ರ ಮಾಡುವುದಿಲ್ಲ. ಹಟಮಾರಿ ಅಂತ ಹೆಸರು ಬರುತ್ತದೆ. ಇನ್ನು ಮೊದಲ ತಿಂಗಳುಗಳಲ್ಲಿ ಕಿವುಡು ಕೂಸೂ ಬೇರೆ ಕೂಸುಗಳ ಹಾಗೇ ‘ಊಂ’, ‘ಆಂ’ ಎಂದು ದನಿ ಮಾಡುತ್ತದೆ. ಆರೇಳು ತಿಂಗಳಿಗೆ ‘ಬಬಬ’, ‘ದದದ’ ಶುರುವಾಗಬೇಕಾದಾಗ ಅದು ಹಿಂದೆ ಬೀಳುತ್ತದೆ. ಅಷ್ಟು ಹೊತ್ತಿಗೆ ಮನೆಯವರ ಅನುಮಾನವೇ ಹೋಗಿರುತ್ತದೆ.

ತಡವಾಗಿ ಮಾತಾಡುವ ಮಕ್ಕಳೆಲ್ಲರಿಗೂ ಕಿವಿಯದೇ ತೊಂದರೆ ಎಂದಲ್ಲ. ಹಲವರು ಚೆನ್ನಾಗಿಯೇ ಕೇಳುತ್ತಾರೆ. ಕೆಲವರಿಗೆ ಪದೇ ಪದೇ ನೆಗಡಿಯಾಗಿ ಕಿವಿತಮಟೆಯ ಹಿಂದೆ ನೀರು ನಿಂತಿರುತ್ತದೆ, ಅದು ವಾಸಿಯಾಗುವಂಥದು. ಯಾವುದು ಯಾವುದೆಂದು ಪರೀಕ್ಷೆಯಿಂದ ತಿಳಿಯಬೇಕೇ ಹೊರತು ಕಾದು ಕೂತರೆ ತಿಳಿಯುವುದಿಲ್ಲ. ಹುಟ್ಟಿದ ಕೂಸಿಗೇ ಮಾಡುವ ಓಎಇ ಪರೀಕ್ಷೆಗೆ ಕೆಲವೇ ನಿಮಿಷ ಸಾಕು, ನೋವಿಲ್ಲ. ಅದರಲ್ಲಿ ಸಂಶಯ ಬಂದರೆ ಮಗು ಮಲಗಿದ್ದಾಗ, ಸದ್ದಿಗೆ ಮಿದುಳು ಸ್ಪಂದಿಸುವುದನ್ನು ಅಳೆಯುವ ‘ಬೇರಾ’ ಪರೀಕ್ಷೆ. ತಜ್ಞರು ಹೇಳುವ ಗಡುವು 1, 3, 6: ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ಶ್ರವಣಯಂತ್ರವೋ ತರಬೇತಿಯೋ ಆರಂಭ. ಮಿದುಳು ಭಾಷೆಗಾಗಿ ಅತಿ ಹೆಚ್ಚು ತೆರೆದುಕೊಂಡಿರುವುದು ಮೊದಲ ಮೂರು ವರ್ಷ. ಸದ್ದು ಬರದಿದ್ದರೆ ಆ ಜಾಗವನ್ನು ಅದು ನೋಟಕ್ಕೂ ಸ್ಪರ್ಶಕ್ಕೂ ಬಿಟ್ಟುಕೊಡತೊಡಗುತ್ತದೆ.

ಪರೀಕ್ಷೆಗೆ ದಾರಿ ದೂರವಿಲ್ಲ. ಅತ್ತಿಗುಪ್ಪೆಯವರಿಗೆ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣ ಹತ್ತಿರ. ಅಲ್ಲಿ ಬಸ್ ಹತ್ತಿದರೆ ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ. 1965ರಲ್ಲಿ ಶುರುವಾದ ಅದು ದೇಶಕ್ಕೇ ಹೆಸರಾದದ್ದು. ಬೆಂಗಳೂರಿನೊಳಗೇ ಹೆಣ್ಣೂರು ರಸ್ತೆಯ ಕಡೆ ಡಾ. ಎಸ್. ಆರ್. ಚಂದ್ರಶೇಖರ್ ಸಂಸ್ಥೆಯಿದೆ. ಒಳಗಿವಿಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್‌ಗೆ ಲಕ್ಷಗಟ್ಟಲೆ ಬೇಕು, ನಿಜ. ಆದರೆ ಕೇಂದ್ರದ ಅಡಿಪ್ ಯೋಜನೆ ಬಡ ಮನೆಗಳ ಪುಟ್ಟ ಮಕ್ಕಳಿಗೆ ಅದನ್ನು ಕೊಡಿಸುತ್ತದೆ, ವಯಸ್ಸಿನ ಮಿತಿಯೊಳಗೆ. ‘ನೋಡೋಣ’ ಎನ್ನುತ್ತಾ ಎಷ್ಟೋ ಮಕ್ಕಳು ಆ ಮಿತಿಯನ್ನೇ ದಾಟಿಬಿಡುತ್ತಾರೆ.

ನಮ್ಮ ಜನಕ್ಕೆ ತಾಳ್ಮೆಯಿಲ್ಲ ಎಂದು ನಾನು ಹೇಳಲಾರೆ. ಅದನ್ನು ತಪಾಸಣೆಗೆ ಮುಂಚೆ ಖರ್ಚು ಮಾಡಿಬಿಡುತ್ತೇವೆ, ಅಷ್ಟೆ. ಬೇಕಾಗುವುದು ಆಮೇಲೆ. ಹಿಯರಿಂಗ್ ಏಡ್ ಹಾಕಿದ ದಿನವೇ ಮಗು ‘ಅಮ್ಮ’ ಎನ್ನುವುದಿಲ್ಲ. ಯಂತ್ರವನ್ನು ಕಿತ್ತೆಸೆಯುತ್ತದೆ, ಮತ್ತೆ ಹಾಕಬೇಕು. ಅನ್ನ ಕಲೆಸುವಾಗ ಅನ್ನ, ನೀರು ಹೊಯ್ಯುವಾಗ ನೀರು, ಚಪ್ಪಲಿ ಮೆಟ್ಟುವಾಗ ಚಪ್ಪಲಿ ಎಂದು ಮುಖ ನೋಡಿ ನೂರು ಸಲ, ಸಾವಿರ ಸಲ ಹೇಳಬೇಕು. ಉತ್ತರ ಬರದಿದ್ದರೂ ಹೇಳಬೇಕು.

ಮೈಸೂರಿನಲ್ಲಿ ಕಿವುಡು ಮಕ್ಕಳ ತಾಯಂದಿರಿಗೇ ಕಲಿಸುವ ಶಾಲೆಯೊಂದಿದೆ. ಬೇರೆ ಬೇರೆ ಊರಿನ ಹೆಂಗಸರು ಅಲ್ಲಿ ಮನೆ ಮಾಡಿಕೊಂಡು, ಮಗುವಿನ ಪಕ್ಕ ಕೂತು ವರ್ಷಗಟ್ಟಲೆ ಕಲಿಯುತ್ತಾರೆ. ಅವರ ಬಗ್ಗೆ ನನಗೆ ತುಂಬು ಗೌರವ. ಆದರೆ ಇಡೀ ಭಾರ ತಾಯಿಯದೇ ಏಕಾಗಬೇಕು? ಮಗು ಹೀಗಾದದ್ದಕ್ಕೆ ಮೊದಲು ಅವಳನ್ನೇ ದೂರುತ್ತೇವೆ. ಬಸುರಿಗೆ ತಗಲುವ ರುಬೆಲ್ಲ, ದಿನ ತುಂಬದ ಹೆರಿಗೆ, ಕೂಸಿನ ತೀವ್ರ ಕಾಮಾಲೆ, ಮಿದುಳುಜ್ವರ, ಸೋದರಸಂಬಂಧದ ಮದುವೆಗಳಲ್ಲಿ ಹೆಚ್ಚಾಗಿ ಹೊರಬೀಳುವ ವಂಶದ ದೋಷ, ಹೀಗೆ ಕಾರಣಗಳು ಹಲವು. ಅವಳ ತಪ್ಪು ಯಾವುದರಲ್ಲೂ ಇಲ್ಲ. ಅಪ್ಪ ವಾರಕ್ಕೊಂದು ದಿನವಾದರೂ ರಜೆ ಹಾಕಿ ಆ ಪಾಠಕ್ಕೆ ಹೋಗಲಿ. ಯಂತ್ರದಿಂದ ಪ್ರಯೋಜನವಾಗದ ಮಗುವಾದರೆ ಸನ್ನೆಭಾಷೆಯನ್ನು ಅಪ್ಪ, ಅಜ್ಜಿ, ಅಣ್ಣ ಎಲ್ಲರೂ ಕಲಿಯಲಿ, ಮಗು ಮನೆಯಲ್ಲಿ ಅಮ್ಮನೊಬ್ಬಳ ಜೊತೆಗಷ್ಟೇ ಮಾತಾಡಿಕೊಂಡು ಬೆಳೆಯುವಂತೆ ಆಗದಿರಲಿ.