ಕೊನೆಯ ತುತ್ತಿನವರೆಗೆ

ನಾಸಿಕದ ಅಂಬಡ್ ಎಂದರೆ ಕಾರ್ಖಾನೆಗಳ ಪ್ರದೇಶ. ಅಲ್ಲಿ ನೆಲೆಸಿರುವ ಅಣ್ಣನ ಮನೆಗೆ ಹೋದಾಗ ವಿಜಯಪುರದ ಕಡೆಯದೇ ಊಟ: ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಬೇಳೆ. "ನೀವು ಉಣ್ರಿ, ನಾ ಆಮ್ಯಾಲ ಉಣ್ತೀನಿ" ಎಂದು ವೈನಿ ಒಳಗೇ ಉಳಿದರು. ಬಡಿಸುವವರು ಕೊನೆಗೆ ಉಣ್ಣುವುದು ನಮ್ಮ ಮನೆಗಳಲ್ಲಿ ಹೊಸದಲ್ಲವಲ್ಲ, ಯಾರೂ ಗಮನಿಸಲಿಲ್ಲ. ನೀರಿಗೆಂದು ಎದ್ದು ಹೋದಾಗ ಕಂಡೆ. ಕಿವಿಯ ಮುಂದಿನ ದವಡೆಯ ಕೀಲನ್ನು ಎಡಗೈಯಿಂದ ಒತ್ತಿ ಹಿಡಿದು, ಬೇಳೆಯಲ್ಲಿ ನೆನೆಸಿದ ರೊಟ್ಟಿಯನ್ನು ಚೂರು ಚೂರೇ ನುಂಗುತ್ತಿದ್ದರು. ವರ್ಷದಿಂದ ಹೀಗೇ ಅಂತೆ. ಕಿವಿಯ ಡಾಕ್ಟರು, ಹಲ್ಲಿನ ಡಾಕ್ಟರು, ಎಕ್ಸ್‌ರೇ ಎಲ್ಲ ಆಗಿ, "ಏನೂ ಇಲ್ಲ, ಟೆನ್ಶನ್ ಬಿಡಿ" ಎಂಬ ಮಾತೊಂದು ಮನೆಗೆ ಬಂದಿತ್ತು.

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ಬಾಗಿಲಿನ ಹಾಗೆ ತಿರುಗುತ್ತಲೇ ಮುಂದಕ್ಕೂ ಜಾರುವ ಕೀಲು ಅದು. ನಡುವೆ ತೆಳುವಾದೊಂದು ಮೆತ್ತೆ. ಎಡಬಲದ ಎರಡೂ ಕೂಡಿಯೇ ಆಡಬೇಕು. ಬಾಯಿ ಸುಮ್ಮನಿದ್ದಾಗ ತುಟಿ ಕೂಡಿರಬೇಕು, ಹಲ್ಲು ಕೂಡಬಾರದು. ನಾವೋ ಚಿಂತೆಯಲ್ಲಿ ಹಗಲು ಹಲ್ಲು ಕಚ್ಚುತ್ತೇವೆ, ರಾತ್ರಿ ಹಲ್ಲು ಕಡಿಯುತ್ತೇವೆ. ನೋವಿಗೆ ನಿದ್ದೆ ಕೆಡುತ್ತದೆ, ನಿದ್ದೆಗೆಟ್ಟವರಿಗೆ ನೋವು ಹೆಚ್ಚು. ಆಮೇಲೆ ಮದುವೆಯೂಟಕ್ಕೆ ಹೋಗಲು ಅಂಜಿಕೆ, ತವರಿನ ಫೋನು ಬಂದರೂ ಬೇಸರ. ಉಣ್ಣುವುದು, ಆಡುವ ಮಾತು, ನಗು ಎಲ್ಲವೂ ಆ ಒಂದು ಕೀಲಿಗೆ ಕಟ್ಟುಬಿದ್ದಿರುವಾಗ ಮನಸ್ಸು ಮಂಕಾಗದೆ ಏನಾದೀತು? "ಹಲ್ಲು ಕಚ್ಚಿ ಸಹಿಸಿಕೋ" ಎನ್ನುವುದು ನಮ್ಮ ಹಿರಿಯರ ಬುದ್ಧಿಮಾತು. ಈ ರೋಗಕ್ಕೆ ಅದಕ್ಕಿಂತ ಕೆಟ್ಟ ಪಥ್ಯವಿಲ್ಲ.

ಮರುದಿನ ತ್ರ್ಯಂಬಕದ ದಾರಿಯಲ್ಲಿ ಅಂಜನೇರಿ ಬೆಟ್ಟ ಕಂಡಿತು. ಹನುಮ ಹುಟ್ಟಿದ್ದು ಇಲ್ಲೇ ಎಂದು ನಾಸಿಕದವರು. ಅಲ್ಲ, ಕೊಪ್ಪಳ ಜಿಲ್ಲೆಯ ಅಂಜನಾದ್ರಿಯಲ್ಲಿ ಎಂದು ನಾವು. 2022ರಲ್ಲಿ ಇದಕ್ಕಾಗಿ ನಾಸಿಕದಲ್ಲಿ ಸಾಧುಗಳ ಸಭೆಯೇ ಸೇರಿ, ಜಗಳವೂ ಆಯಿತು. ಊರು ಯಾವುದೇ ಇರಲಿ, ಹೆಸರಿನ ಕಥೆ ಒಂದೇ. ಹನು ಎಂದರೆ ದವಡೆ. ಇಂದ್ರನ ವಜ್ರಾಯುಧ ತಗುಲಿ ಮಗುವಿನ ಎಡದವಡೆ ಮುರಿಯಿತು. ತಂದೆ ವಾಯು "ತಡಕೋ ಮಗನೇ" ಎನ್ನಲಿಲ್ಲ. ಮಗುವನ್ನೆತ್ತಿಕೊಂಡು ಗುಹೆ ಸೇರಿದ. ಲೋಕದ ಉಸಿರೇ ನಿಂತಿತು. ಕಡೆಗೆ ದೇವತೆಗಳು ತಾವಾಗಿ ಬರಬೇಕಾಯಿತು. ಇಷ್ಟು ವರ್ಷ ಶನಿವಾರ ಗುಡಿ ಸುತ್ತಿದರೂ ಆ ತಂದೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮರಳಿ ಬಂದು ವೈನಿಯ ನೋವಿನ ಬಗ್ಗೆ ಅಣ್ಣನ ಜೊತೆ ಕೂತು ಮಾತಾಡಿದೆ. ಮೆತ್ತನೆಯ ಊಟ, ಬಿಸಿ ಶಾಖ, ರಾತ್ರಿ ಹಲ್ಲಿಗೆ ಹಾಕಿಕೊಳ್ಳುವ ಗಾರ್ಡ್, ಫಿಸಿಯೋಥೆರಪಿ: ಬಹಳ ಮಂದಿಗೆ ಇಷ್ಟರಲ್ಲೇ ಹಿತವಾಗುತ್ತದೆ, ಶಸ್ತ್ರಚಿಕಿತ್ಸೆ ಬೇಕಾಗುವುದು ಅಪರೂಪ. ಮನಸ್ಸಿನ ಭಾರಕ್ಕೆ ಸರ್ಕಾರದ ಟೆಲಿ ಮಾನಸ್ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ಬೆಂಗಳೂರಿನ ನಿಮ್ಹಾನ್ಸ್ ಅದರ ಬೆನ್ನಿಗಿದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ವೈನಿ ಎರಡು ಸಲ ಮಾತಾಡಿದರಂತೆ. ನೋವು ಪೂರ್ತಿ ಹೋಗಿಲ್ಲ. ಆದರೆ ಅಣ್ಣ ಈಗ ಪಾಳಿ ಮುಗಿಸಿ ಬಂದು ಅವರ ಜೊತೆಗೇ ಉಣ್ಣಲು ಕೂಡುತ್ತಾನೆ, ಅವರ ಕೊನೆಯ ತುತ್ತಿನವರೆಗೆ ಏಳುವುದಿಲ್ಲ. ಅವನ ಊಟ ಹತ್ತು ನಿಮಿಷದ್ದು. ಅವರದು ಮುಕ್ಕಾಲು ಗಂಟೆ.